ಅವ್ವನ ಸೊಂಟದ ಲೋಹ

ಸಂಡೂರು
೯ ಜೂನ್ ೨೦೨೪

ಅವ್ವಾ,

ಲಲಿತಾಳ ನಮಸ್ಕಾರ. ಹಾಸ್ಟೆಲಿನಲ್ಲಿ ಓದುವಾಗ ಬರೆದದ್ದೇ ಕೊನೆ, ಆಮೇಲೆ ನಿನಗೆ ಕಾಗದ ಬರೆದಿಲ್ಲ. ಹೇಗೆ ಶುರು ಮಾಡಬೇಕು ಅನ್ನುವುದೂ ಮರೆತಿದೆ.

ಮೊನ್ನೆ ಫೋನ್ ಮಾಡಿದಾಗ ಅಪ್ಪ ಎತ್ತಿದ. "ಅವ್ವಗ ಕೊಡಪ್ಪಾ" ಅಂದೆ. "ಕೊಟ್ಟು ಏನ್ ಮಾಡ್ಲಿ? ಅಕಿಗೆ ಕೇಳ್ಸಂಗಿಲ್ಲ. ಇಷ್ಟು ದಿನ ಹ್ಞೂಂ ಹ್ಞೂಂ ಅಂತಿದ್ಲಲ್ಲ, ಕೇಳಿ ಅಂದಿದ್ದಲ್ಲ ಅದು. ಸುಮ್ನ ಅಂದಿದ್ದು" ಅಂದ. ಹಾಗಾದರೆ ಈ ವರ್ಷ ನಾನು ಹೇಳಿದ್ದು ಯಾವುದೂ ನಿನಗೆ ಮುಟ್ಟಿಲ್ಲ. ನಿನ್ನ ಮೊಮ್ಮಗಳು ತುಳಸಿಗೆ ಐದು ತುಂಬಿತು, ಸ್ಕೂಲಿಗೆ ಹೋಗುತ್ತಾಳೆ. ನಿನ್ನ ಅಳಿಯ ಬಸವರಾಜ್ ಅವರನ್ನು ಬೇರೆ ಗಣಿಗೆ ಹಾಕಿದ್ದಾರೆ. ನಾನು ಮೊದಲಿನ ಗಣಿಯಲ್ಲೇ, ಅದಿರಿನ ಲಾರಿ ತೂಗುವ ತೂಕದ ಮನೆಯಲ್ಲೇ ಕೆಲಸಕ್ಕಿದ್ದೇನೆ. ಹೊಸ ಸುದ್ದಿ ಅಂದರೆ ಇಷ್ಟೇ.

ಫೋನಿನ ಗಾಜಿನ ಮೇಲೆ ಅಕ್ಷರ ಮಸುಕಾಗುತ್ತಾವಂತೆ ನಿನಗೆ, ಅದಕ್ಕೇ ಹೀಗೆ ದಪ್ಪಗೆ ಬರೆಯುತ್ತಿದ್ದೇನೆ. ಕಿವಿ ಯಾವಾಗಿನಿಂದ ಹೀಗೆ? ಕಣ್ಣಿಗೆ ಏನಾಗಿದೆ? ಅಪ್ಪನನ್ನು ಕೇಳಿದರೆ "ತಮ್ಮ ಹ್ವಾದ ಮ್ಯಾಲೆ ಹಿಂಗ" ಅನ್ನುತ್ತಾನೆ. ಅವನಿಗೆ ಎಲ್ಲದಕ್ಕೂ ಅದೇ ಉತ್ತರ.

ತಮ್ಮ ಹಂಪೇಶ ಹೋದ ಮೇಲೆ ನೀನು ಸಂಡೂರಿಗೆ ಬಂದಿಲ್ಲ. ಬಾ ಅಂತ ಕರೆಯುತ್ತಿಲ್ಲ. ಆ ದಾರಿ ನಿನಗೆ ಬೇಡ ಅಂತ ನನಗೂ ಗೊತ್ತು. ಒಂದು ಕಾಗದ ಬರಿ, ಸಾಕು.

ಲಲಿತಾ


ಕಂಪ್ಲಿ
೩೦ ಜುಲೈ ೨೦೨೪

ಲಲಿತಾಗ,

ನಿನ್ನ ಕಾಗದ ಮುಟ್ಟಿ ಭಾಳ ದಿನ ಆತು. ಬರೀಬೇಕಂತ ಕುಂದರ್ತಿದ್ದೆ, ಪೆನ್ನು ಹಿಡದದ್ದು ಬೆರಳಿಗೆ ಗೊತ್ತಾಗಂಗಿಲ್ಲ, ಜಾರ್ತಿತ್ತು. ಇವತ್ತು ಪೆನ್ನಿಗೆ ಬಟ್ಟಿ ಸುತ್ತಿಕೊಂಡು ಕುಂತೀನಿ.

ಕಿವಿ ಒಂದ ದಿನಕ್ಕ ಹೋಗಿದ್ದಲ್ಲ. ಮೊದಲು ಕುಕ್ಕರಿನ ಸೀಟಿ ಹೋತು. ಆಮ್ಯಾಲೆ ಗುಬ್ಬಿ. ಆಮ್ಯಾಲೆ ನಿಮ್ಮಪ್ಪ ಹಿಂದಿನಿಂದ ಕರದಿದ್ದು. ಈಗ ಮುಂದ ನಿಂತು ಮಾತಾಡಿದ್ರ ಬಾಯಿ ನೋಡಿ ತಿಳಕಂತೀನಿ. ಪಾದ ನಂದು ಅನಸಂಗಿಲ್ಲ. ಮೊನ್ನೆ ನೀರು ಕಾಸೋ ಒಲ್ಯಾಗಿಂದ ಕೆಂಡ ಸಿಡಿದು ಬಿದ್ದಿತ್ತಂತ. ಅದರ ಮ್ಯಾಲೆ ಕಾಲಿಟ್ಟು ನಿಂತು ನೀರು ತೋಡೀನಿ. ವಾಸನಿ ಬಂದಾಗ ಗೊತ್ತಾತು. ನಿಮ್ಮಪ್ಪ ಒದರ್ಯಾಡಿದ. ನನಗೇನು ಉರೀಲಿಲ್ಲ. ಬಾಯಾಗ ಯಾವಾಗ್ಲೂ ಕಬ್ಬಿಣ ನೆಕ್ಕಿದಂಗ ಇರತೈತಿ.

ಹಂಪೇಶ ಹ್ವಾದ ಮ್ಯಾಲೆ ಒಂದೊಂದ ಹ್ವಾದವು. ಎಲ್ಲಾ ಅವನ ಹಿಂದ ಹೊಂಟಾವ. ಹೋಗಲಿ ಬಿಡು. ನಿಮ್ಮಪ್ಪ ಎಲ್ಲೆಲ್ಲೋ ಕರಕೊಂಡು ಹೋಗಿ ದೇವ್ರು ಕೇಳಿಸ್ಯಾನ. ಹ್ವಾದ ಕಡೆಲ್ಲ ಸುಮ್ನ ಕುಂತು ಬಂದೀನಿ. ನನಗೇನು ತ್ರಾಸಿಲ್ಲ, ಔಷಧ ಬ್ಯಾಡ.

ಹೊಳಿ ತುಂಬಿ ಸೇತುವಿ ಮುಳುಗೈತಿ. ನಿಮ್ಮಪ್ಪ ಬಾಳಿ ತೋಟಕ್ಕ ನೀರು ಹೊಕ್ಕೀತಂತ ಹೊಳಿ ನೋಡಕೋತ ನಿಂತಾನ.

ಶಾಂತಕ್ಕ


ಸಂಡೂರು
೧೮ ಆಗಸ್ಟ್ ೨೦೨೪

ಅವ್ವಾ,

ನಿನ್ನ ಕಾಗದ ಓದಿ ಸಿಟ್ಟು ಬಂತು. ಇಳಿಯಲಿ ಅಂತ ಕಾದೆ. ಇಳಿಯಲಿಲ್ಲ.

ಕೆಂಡದ ಮೇಲೆ ನಿಂತಿದ್ದೆ, ಉರಿಯಲಿಲ್ಲ ಅಂತ ಬರೆದು, ಅದರ ಕೆಳಗೇ ಹೊಳೆ ತುಂಬಿದೆ ಅಂತ ಬರೀತೀಯಲ್ಲ. ಎರಡೂ ಒಂದೇ ಥರದ ಸುದ್ದಿಯಾ? ಎಲ್ಲಾ ಅವನ ಹಿಂದೆ ಹೊಂಟಾವ ಅಂತೀಯ. ಹೋಗಲಾರದೆ ಉಳಿದಾಕಿ ಒಬ್ಬಾಕಿ ಇದೀನಿ ಅವ್ವಾ. ನಾನೂ ನಿನಗೇ ಹುಟ್ಟಿದಾಕಿ.

ತುಳಸಿ ಹುಟ್ಟಿದಾಗ ಹೊಸಪೇಟೆ ಆಸ್ಪತ್ರೆಗೆ ಬಂದಿದ್ದಿ. ಕೂಸನ್ನ ನಿನ್ನ ತೊಡೆ ಮ್ಯಾಲೆ ಇಟ್ರು. ಬಸ್ ಸ್ಟ್ಯಾಂಡಿನಾಗ ಯಾರದೋ ಚೀಲ ಕಾಯಾಕ ಕುಂತಾಕಿ ಹಂಗ ಕುಂತಿದ್ದಿ. ನರ್ಸು ನನ್ನ ಕಿವ್ಯಾಗ "ಇವರು ಅಜ್ಜೀನಾ?" ಅಂತ ಕೇಳಿದ್ಲು. ಅವತ್ತಿನಿಂದ ನಾನು ಕಂಪ್ಲಿಗೆ ಬರೋದು ಕಡಿಮಿ ಆತು. ಯಾಕ ಅಂತ ನೀನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ದುಃಖಕ್ಕ ಕಿವಿ ಹೋಗತೈತೇನು? ಕಾಲು ಸುಟ್ರೂ ಗೊತ್ತಾಗದಂಗ ಆಗತೈತೇನು? ಆಗಬಹುದು, ನನಗ ತಿಳೀದು. ತಿಳಿದವರನ್ನ ಕೇಳೋಣ. ಸೆಪ್ಟೆಂಬರಿನ ಎರಡನೇ ಶನಿವಾರ ಹೊಸಪೇಟೆ ಬಸ್ ಸ್ಟ್ಯಾಂಡಿನಾಗ ನಿಂತಿರ್ತೀನಿ. ಅಪ್ಪನ ಜೊತಿ ಬಾ. ನೀನು ಬರೋತನಕ ಅಲ್ಲೇ ನಿಂತಿರ್ತೀನಿ.

ಲಲಿತಾ


ಕಂಪ್ಲಿ
೧೭ ಸೆಪ್ಟೆಂಬರ್ ೨೦೨೪

ಲಲಿತಾಗ,

ಆಸ್ಪತ್ರ್ಯಾಗ ನೀನೂ ಇದ್ದಿ ಖರೆ. ನೀವು ಮಾತಾಡಿದ್ದು ನನಗ ಕೇಳಲಿಲ್ಲ, ಎಲ್ಲಾರ ಬಾಯಿ ನೋಡಕೋತ ಕುಂತಿದ್ದೆ. ತಿಳಿದಷ್ಟು ಬರೀತೀನಿ. ತಪ್ಪಿದ್ರ ತಿದ್ದು.

ಕಿವಿ ಡಾಕ್ಟ್ರಮ್ಮ ಪೆಟಗಿಯಂಥ ಕ್ವಾಣ್ಯಾಗ ಕುಂದ್ರಿಸಿ, ಸಪ್ಪಳ ಕೇಳಿದಾಗ ಗುಂಡಿ ಒತ್ತು ಅಂದ್ಲು. ಗುಂಡಿ ಮ್ಯಾಲೆ ಬೆರಳಿಟ್ಟು ಕುಂತೆ. ಒತ್ತೋ ಪ್ರಸಂಗ ಭಾಳ ಬರಲಿಲ್ಲ. ಹೊರಗ ಬರುವಾಗ ನಾನು ಕುಂಟೋದು ನೋಡಿ ಅಕಿ ಮಾರಿ ಬದಲಾತು. ಹಾಳಿ ಮ್ಯಾಲೆ ಬರದು ತೋರಿಸಿದ್ಲು, "ಸೊಂಟಕ್ಕೆ ಏನಾಗಿತ್ತು?" ಕಬ್ಬಿಣ ಹಾಕ್ಯಾರ ಅಂದೆ. "ಎಷ್ಟು ವರ್ಷ ಆಯಿತು?" ಮಗ ಹೋಗಿ ಎಷ್ಟಾತೋ ಅಷ್ಟು ಅಂದೆ. ಅಕಿಗೆ ತಿಳೀಲಿಲ್ಲ. ನೀನು ಆಕಡಿ ತಿರುಗಿ ಏನೋ ಹೇಳಿದಿ. ಬೈಕು, ಲಾರಿ ಅಂದದ್ದು ನಿನ್ನ ತುಟಿ ಮ್ಯಾಲೆ ಕಂಡೆ.

ಅಲ್ಲಿಂದ ಎಲುಬಿನ ಡಾಕ್ಟರ ಹತ್ರ ಕರಕೊಂಡು ಹೋದ್ರಿ. ಫೋಟೊ ತಗದು ಬೆಳಕಿಗೆ ಹಿಡಿದ್ರು. ಅದನ್ನ ನಾನು ನೋಡಿದ್ದು ಅವತ್ತ ಮೊದಲು. ನನ್ನ ಎಲುಬೆಲ್ಲ ಮಬ್ಬು ಮಬ್ಬು, ಅದೊಂದ ಬೆಳ್ಳಗ ಕುಂತೈತಿ, ಮನಿ ಮಾಲಕನಂಗ. ನೀವು ಮೂರೂ ಮಂದಿ ಅದನ್ನ ನೋಡಕೋತ ಮಾತಾಡ್ತಿದ್ರಿ. ನಾನೂ ನೋಡಿದೆ. ಆ್ಯಕ್ಸಿಡೆಂಟ್ ಆದ ಮ್ಯಾಲೆ ನನಗ ಎಚ್ಚರ ಬಂದಾಗ ಹಂಪೇಶನ್ನ ಮಣ್ಣು ಮಾಡಿ ಮುಗಿಸಿದ್ರು. ನನ್ನ ಕಾಲಾಗ ಕಬ್ಬಿಣ ಕುಂದ್ರಿಸಿ ಮುಗಿಸಿದ್ರು. ಎರಡೂ ನನ್ನ ಕೇಳಲಾರದ ಆಗಿದ್ವು. ಅವನ ಮಾರಿ ಕಡೀಕ ನೋಡಲಿಲ್ಲ. ಇದರ ಮಾರಿ ನೋಡಿದೆ.

ರಕ್ತ ತಗೊಂಡ್ರು. ದೂರದ ಊರಿಗೆ ಕಳಿಸ್ತಾರಂತ ನಿಮ್ಮಪ್ಪ ಕೈ ಮಾಡಿ ಹೇಳಿದ. ಬಸ್ಸಿನಾಗ ನೀನು ಕೊಟ್ಟ ಮೋಸಂಬಿ ತಿಂದೆ. ಹುಳಿ ಐತೋ ಸಿಹಿ ಐತೋ ಅಂತ ನಿಮ್ಮಪ್ಪ ಕೇಳಿದ. ಗೊತ್ತಾಗಲಿಲ್ಲ.

ಶಾಂತಕ್ಕ


ಸಂಡೂರು
೬ ಅಕ್ಟೋಬರ್ ೨೦೨೪

ಅವ್ವಾ,

ರಿಪೋರ್ಟು ಬಂತು. ರಜೆ ಹಾಕಿ ಹೊಸಪೇಟೆಗೆ ಹೋಗಿ ಎಲುಬಿನ ಡಾಕ್ಟರ ಮುಂದೆ ಕೂತು ಬಂದೆ. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ, ನಿಧಾನಕ್ಕೆ ಓದು.

ನಿನ್ನ ತೊಡೆಯೆಲುಬಿನ ಒಳಗೆ ಒಂದು ರಾಡು ಇದೆ. ರಾಡಿನ ತುದಿಗೆ, ಸೊಂಟದ ಕೀಲಿನಲ್ಲಿ ತಿರುಗುವ ಒಂದು ಗೋಲಿ. ಎರಡೂ ಬೇರೆ ಬೇರೆ ಲೋಹ. ರಾಡು ಟೈಟಾನಿಯಮ್ಮು, ಗೋಲಿ ಕೋಬಾಲ್ಟು ಕ್ರೋಮಿಯಮ್ಮು ಸೇರಿಸಿ ಮಾಡಿದ್ದು. ಎರಡಕ್ಕೂ ಸುಲಭಕ್ಕೆ ತುಕ್ಕು ಹಿಡಿಯಲ್ಲ. ಅವುಗಳ ಮೈಮೇಲೆ ತಾವೇ ಒಂದು ಪೊರೆ ಕಟ್ಟಿಕೊಳ್ಳುತ್ತಾವಂತೆ, ಕಣ್ಣಿಗೆ ಕಾಣದಷ್ಟು ತೆಳ್ಳಗೆ. ನಮ್ಮ ಮೈಯೊಳಗೆ ಇರುವುದೆಲ್ಲ ಉಪ್ಪುನೀರು. ಪೊರೆ ಇರುವತನಕ ಆ ನೀರು ಲೋಹವನ್ನು ಮುಟ್ಟಲ್ಲ. ಗೀಚಿ ಹೋದರೂ ಮತ್ತೆ ಕಟ್ಟಿಕೊಳ್ಳುತ್ತದೆ. ಅದಕ್ಕೇ ಸಾವಿರಾರು ಜನ ಇಂಥದ್ದನ್ನು ಇಟ್ಟುಕೊಂಡು ಆರಾಮಾಗಿ ಓಡಾಡುತ್ತಾರೆ.

ನಿನ್ನದರಲ್ಲಿ ಗೋಲಿ ಮತ್ತು ರಾಡು ಕೂಡುವ ಜಾಗ ಅಲುಗಾಡಿದೆ. ಬಹಳ ಅಲ್ಲ, ಕೂದಲೆಳೆಗಿಂತ ಕಡಿಮೆ. ಆದರೆ ನೀನು ಹೆಜ್ಜೆ ಇಟ್ಟಾಗೊಮ್ಮೆ ಪೊರೆ ಉಜ್ಜಿ ಹೋಗಿದೆ, ಮತ್ತೆ ಕಟ್ಟಿದೆ, ಮತ್ತೆ ಹೋಗಿದೆ. ಆ ಸಂದಿಯಲ್ಲಿ ಉಪ್ಪುನೀರು ನಿಂತು ಗೋಲಿಯನ್ನು ಒಳಗೊಳಗೇ ತಿಂದಿದೆ. ತಿಂದ ಕೋಬಾಲ್ಟು ರಕ್ತಕ್ಕೆ ಸೇರಿದೆ. ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಇದೆಯಂತೆ. ಕಿವಿಯ ನರ, ಕಣ್ಣು, ಪಾದ, ಬೆರಳು, ನಾಲಗೆ, ಎಲ್ಲ ಅದರಿಂದ. ಹೀಗೇ ಬಿಟ್ಟರೆ ಹೃದಯಕ್ಕೂ ಹೋಗುತ್ತದೆ. ಯಾರ ತಪ್ಪು ಇದು ಅಂತ ಕೇಳಿದೆ. "ಅಪರೂಪಕ್ಕೆ ಒಬ್ಬರಿಗೆ ಹೀಗಾಗ್ತದಮ್ಮ. ಬೆರಳು ತೋರ್ಸೋಕೆ ನನಗೆ ಯಾರೂ ಕಾಣ್ತಿಲ್ಲ" ಅಂದರು.

ಗೋಲಿ ತೆಗೆದು ಪಿಂಗಾಣಿಯಂಥ ಬೇರೆ ಗೋಲಿ ಹಾಕುತ್ತಾರೆ. ರಾಡು ಚೆನ್ನಾಗಿದ್ದರೆ ಅದು ಹಾಗೇ ಇರುತ್ತದೆ.

ಅವ್ವಾ, ಇದು ದುಃಖ ಅಲ್ಲ. ಲೋಹ! ಆಸ್ಪತ್ರೆ ಮೆಟ್ಟಿಲ ಮೇಲೆ ನಿಂತು ಒಬ್ಬಳೇ ನಕ್ಕೆ, ಜನ ನೋಡಿದರು. ದುಃಖ ಆಗಿದ್ದರೆ ನಾನೇನು ಮಾಡಕ್ಕಾಗುತ್ತಿತ್ತು? ಲೋಹವನ್ನು ತೆಗೆಸಬಹುದು. ಯಾವಾಗ ಅಡ್ಮಿಟ್ ಆಗ್ತೀಯ ಹೇಳು.

ಲಲಿತಾ


ಕಂಪ್ಲಿ
೨೧ ಅಕ್ಟೋಬರ್ ೨೦೨೪

ಲಲಿತಾಗ,

ಓದಿದೆ. ನಿಮ್ಮಪ್ಪಗೂ ಓದಿ ಹೇಳಿದೆ. ಆತ ಕೈ ಮುಗದು ಮ್ಯಾಲೆ ನೋಡಿದ.

ನನಗ ಆಪರೇಷನ್ ಬ್ಯಾಡ.

ಯಾಕ ಅಂತ ಕೇಳ್ತಿ, ಅದಕ್ಕ ಬರೀತೀನಿ. ಹಂಪೇಶ ಹ್ವಾದಾಗ ನಾನು ಅಳಲಿಲ್ಲ. ಆಸ್ಪತ್ರ್ಯಾಗಿಂದ ಮನಿಗೆ ಬಂದ ಮ್ಯಾಲೆ, ನೋಡಾಕ ಬಂದವರೆಲ್ಲ ಅತ್ತು ಹೋದ್ರು, ನಾನು ಚಾಪಿ ಮ್ಯಾಲೆ ಕಾಲು ಚಾಚಿಕೊಂಡು ಗ್ವಾಡಿ ನೋಡ್ತಿದ್ದೆ. ಓಣ್ಯಾಗಿನ ಹಂಪಮ್ಮ "ಕಲ್ಲು" ಅಂದ್ಲು. ಅವಾಗ ಕಿವಿ ಕೇಳ್ತಿತ್ತು. ನಾನೂ ಹೌದೇನೋ ಅಂತ ಅಂದಕೊಂಡೆ. ಹೆತ್ತಾಕಿ ಆಗಿ ಹಿಂಗ ಯಾಕ ಅಂತ ನನಗ ನನ್ನ ಮ್ಯಾಲೆ ಹೇಸಿಗಿ ಬಂದಿತ್ತು. ಆಮ್ಯಾಲೆ ಕಿವಿ ಹೋತು, ಕಾಲು ಹೋತು, ರುಚಿ ಹೋತು. ಆಗ ಒಂಥರಾ ಸಮಾಧಾನ ಆತು. ಕಣ್ಣೀರು ಬರಲಿಲ್ಲ, ಅದರ ಬದ್ಲಿ ಮೈ ಸಾಯಾಕ ಹತ್ತೈತಿ, ಇದ ನನ್ನ ದುಃಖ, ಬ್ಯಾರೆಯವರದು ಕಣ್ಣಾಗ ಬರತೈತಿ ನಂದು ಹಿಂಗ ಬಂತು ಅಂತ ತಿಳಕೊಂಡೆ. ಅದನ್ನ ಹಿಡಕೊಂಡು ಇಷ್ಟು ವರ್ಷ ಕುಂತೀನಿ.

ಈಗ ನೀನು ಅದೂ ನಂದಲ್ಲ ಅಂತಿ. ಗೋಲಿದು ಅಂತಿ.

ಹಂಗಾದ್ರ ನಾನೇನು ಮಾಡೀನಿ ಅವನ ಸಲುವಾಗಿ? ಗೋಲಿ ತಗದ್ರು ಅಂತ ಇಟ್ಕೋ. ಕಾಲಿಗೆ ಬಿಸಿ ಗೊತ್ತಾತು, ನಾಲಿಗಿಗೆ ಉಪ್ಪು ಗೊತ್ತಾತು, ಆವಾಗೂ ನಾನು ಅಳಲಿಲ್ಲ ಅಂದ್ರ? ಆಮ್ಯಾಲೆ ತಪ್ಪು ಯಾವುದರ ಮ್ಯಾಲೆ ಹಾಕ್ಲಿ?

ಡಾಕ್ಟರಿಗೆ ಹೇಳು. ಇಷ್ಟು ವರ್ಷ ಇದ್ದದ್ದು ಇರಲಿ.

ಶಾಂತಕ್ಕ


ಸಂಡೂರು
೩ ನವೆಂಬರ್ ೨೦೨೪

ಅವ್ವಾ,

ನಿನ್ನ ಕಾಗದ ಬಂತು. ಡಾಕ್ಟರಿಗೆ ಏನೂ ಹೇಳಿಲ್ಲ.

ಹಂಪಿಯಿಂದ ಕೊಟ್ರಮ್ಮ ಫೋನ್ ಮಾಡಿದ್ದಳು. ನೀನು ಮೊದಲು ಅಡಿಗೆ ಕೆಲಸಕ್ಕಿದ್ದ ಅವಳ ಗೆಸ್ಟ್‌ಹೌಸಿಗೆ ಹೊಸದಾಗಿ ಎರಡು ರೂಮು ಕಟ್ಟಿಸಿದ್ದಾಳಂತೆ. ಹದಿನೇಳಕ್ಕೆ ಪೂಜೆ. "ಶಾಂತಕ್ಕನ್ನ ಕರಕೊಂಡ ಬರ್ಬೇಕು, ಇಲ್ಲಾಂದ್ರ ನಾನು ಮಾತು ಬಿಡ್ತೀನಿ" ಅಂದಳು. ನಾವು ಇಲ್ಲಿಂದ ಬರುತ್ತೇವೆ, ನೀವು ಅಲ್ಲಿಂದ ಬರ್ರಿ. ಆಪರೇಷನ್ ಮಾತು ನಾನು ಎತ್ತಲ್ಲ. ತುಳಸಿಯನ್ನು ನೋಡು, ಅಷ್ಟೇ.

ಲಲಿತಾ


ಕಂಪ್ಲಿ
೨೦ ನವೆಂಬರ್ ೨೦೨೪

ಲಲಿತಾಗ,

ಹಂಪ್ಯಾಗ ಎಲ್ಲಾರೂ ತುಳಸಿಗೆ ಬೈದ್ರು, ಕೈ ಕೊಸರಿಕೊಂಡು ಓಡ್ಯಾಳಂತ. ಹಂಗಲ್ಲ. ಹೆಂಗಾತು ಅಂತ ಹೇಳ್ತೀನಿ.

ನೀನು ಕೊಟ್ರಮ್ಮನ ಅಡಿಗಿ ಮನ್ಯಾಗ ಇದ್ದಿ. ಗುಡಿ ಆನಿ ಮೈ ತೊಳಸಾಕ ಹೊಳಿಗೆ ಹೊಂಟೈತಿ ಅಂತ ಹುಡುಗಿ ಕುಣಿಯಾಕ ಹತ್ತಿದ್ಲು. ನಾನು ಕೈ ಹಿಡಕೊಂಡು ಕರಕೊಂಡು ಹೊಂಟೆ. ಕಾರ್ತಿಕದ ಐತಾರ, ಮಂದಿ ಭಾಳ ಇದ್ರು. ಗುಡಿ ಬಾಜೂಕಿನ ಓಣ್ಯಾಗ ಹಾದು ಹೊಳಿ ಮೆಟ್ಟಲ ಹತ್ರ ಬಂದು, ಇಲ್ಲೇ ನಿಂದ್ರೋಣ ಅಂತ ಹೇಳಾಕ ಕೆಳಗ ನೋಡಿದೆ. ಹುಡುಗಿ ಇದ್ದಿಲ್ಲ. ನನ್ನ ಕೈ ಮುಚ್ಚೇ ಇತ್ತು. ಅಕಿ ಕೈ ಹಿಡಕೊಂಡಂಗ, ಹಂಗ ಮುಚ್ಚಿತ್ತು. ಒಳಗ ಏನೂ ಇದ್ದಿಲ್ಲ. ಯಾವಾಗಿಂದ ಇದ್ದಿಲ್ಲ ಅಂತ ನನಗ ಗೊತ್ತಿಲ್ಲ.

ಕರದಿದ್ಲಂತ ಅಕಿ. ಅಜ್ಜೀ ಅಜ್ಜೀ ಅಂತ. ಕಾಯಿ ಮಾರಾಕಿ ಆಮ್ಯಾಲೆ ಕೈ ಮಾಡಿ ಹೇಳಿದ್ಲು. ನಾನು ತಿರುಗಿ ನೋಡಲಿಲ್ಲಂತ.

ಹೊಳಿ ನೋಡಿದೆ. ಹರಿಗೋಲು ನೋಡಿದೆ. ನೀರಾಗ ಹುಡುಗ್ರು ಮುಳುಗಿ ಏಳ್ತಿದ್ರು, ಒಂದೊಂದ ತಲಿ ನೋಡಿದೆ. ಒದರಿದೆ, ದನಿ ಬಂತೋ ಇಲ್ಲೋ. ಕಡೀಕ ಆನಿ ಹತ್ರ ಮಂದಿ ಕಾಲಾಗ ಅಕಿ ಹಸರು ಲಂಗ ಕಂಡಿತು. ಬಾಯಿ ತಗದು ಆನಿ ನೋಡಕೋತ ನಿಂತಿದ್ಲು, ಹೊಳಿಗೆ ಇನ್ನೊಂದ ಮೆಟ್ಟಲ ಇತ್ತು. ನನ್ನ ನೋಡಿ "ಆನಿಗೆ ಸೋಪು ಹಚ್ಚಂಗಿಲ್ಲೇನಜ್ಜಿ?" ಅಂದ್ಲು. ಅಕಿ ಬಾಯಿ ಮ್ಯಾಲೆ ಅದು ಪೂರಾ ತಿಳೀತು.

ನನಗ ಆವಾಗೂ ಎದಿ ಹೊಡಕೊಳ್ಳಲಿಲ್ಲ. ನಿಂತೆ, ಅಷ್ಟ. ಅದು ನನಗ ಭಾಳ ಹೆದರಿಕಿ ತಂತು, ಹೆದರಿಕಿ ಆಗಲಾರದ್ದು.

ಡಾಕ್ಟರಿಗೆ ಹೇಳು, ತಗಸ್ತೀನಂತ. ಹಂಪೇಶನ ಮಾತು ಬ್ಯಾರೆ, ಅದನ್ನ ಇದಕ್ಕ ಕೂಡಿಸಬ್ಯಾಡ. ಹುಡುಗಿ ಕೈ ಹಿಡದ್ರ ಹಿಡದದ್ದು ಗೊತ್ತಾಗಬೇಕು ನನಗ.

ಅವ್ವ


ಸಂಡೂರು
೨ ಫೆಬ್ರವರಿ ೨೦೨೫

ಅವ್ವಾ,

ನಿನ್ನನ್ನು ಡಿಸ್ಚಾರ್ಜ್ ಮಾಡಿದ ಮಾರನೇ ದಿನವೇ ನಾನು ಸಂಡೂರಿಗೆ ಬರಬೇಕಾಯಿತು. ಆಸ್ಪತ್ರೆಯಲ್ಲಿ ನೀನು ಮಂಪರಿನಲ್ಲಿದ್ದೆ. ಅವತ್ತು ಒಳಗೆ ಏನಾಯಿತು ಅಂತ ನಿನಗೆ ಯಾರೂ ಹೇಳಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹೋದ ಸಲ ಎಲ್ಲ ನಿನ್ನ ಕೇಳದೆ ಆಯಿತು ಅಂತ ಬರೆದಿದ್ದೆಯಲ್ಲ.

ಬೆಳಿಗ್ಗೆ ನಿನ್ನನ್ನು ಕರೆದುಕೊಂಡು ಹೋದರು. ಅಪ್ಪ ಬಾಗಿಲ ಹತ್ತಿರವೇ ಕೂತಿದ್ದ, ಚಹಾಕ್ಕೂ ಏಳಲಿಲ್ಲ. ಊಟದ ಹೊತ್ತಿಗೆ ಡಾಕ್ಟರು ಬಂದು ಸ್ಟೀಲ್ ಬಟ್ಟಲಲ್ಲಿ ಗೋಲಿ ತಂದು ತೋರಿಸಿದರು. ಹೊರಗಿನಿಂದ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನಾನು ಇದರಲ್ಲೇನಿದೆ ಅಂದುಕೊಂಡೆ. ತಿರುಗಿಸಿದರು. ರಾಡು ಕೂಡುವ ತೂತಿನ ಒಳಗೆಲ್ಲ ಕರ್ರಗೆ, ದೀಪದ ಕಾಡಿಗೆ ಹಿಡಿದ ಹಾಗೆ. ಸುತ್ತಲಿನ ಮಾಂಸವೂ ಬೂದಿ ಬಣ್ಣಕ್ಕೆ ಬಂದಿತ್ತಂತೆ, ಸ್ವಲ್ಪ ತೆಗೆದರಂತೆ. ರಾಡನ್ನು ಒರೆಸಿ ನೋಡಿದ್ದಾರೆ, ಅದು ಗಟ್ಟಿ ಇದೆ, ಅದನ್ನು ಬಿಟ್ಟಿದ್ದಾರೆ.

"ಮನಿಗೆ ಒಯ್ತೀರೇನು?" ಅಂತ ಅಪ್ಪನ್ನ ಕೇಳಿದರು. ಅಪ್ಪ ಗೋಲಿಯನ್ನು ಕೈಯಲ್ಲಿ ತೂಗಿ ನೋಡಿ, "ಬ್ಯಾಡ್ರಿ. ಇದು ತಿಂದದ್ದು ಸಾಕು" ಅಂತ ವಾಪಸ್ ಕೊಟ್ಟ.

ಕೋಬಾಲ್ಟು ನಿಧಾನಕ್ಕೆ ಇಳಿಯುತ್ತದೆ. ಪಾದ, ಬೆರಳು ತಿರುಗಿ ಬರಬಹುದು. ಕಿವಿಯ ಬಗ್ಗೆ ಆಸೆ ಕೊಡಲಿಲ್ಲ ಅವರು.

ನಿನ್ನ ಲಲಿತಾ


ಕಂಪ್ಲಿ
೧೪ ಏಪ್ರಿಲ್ ೨೦೨೫

ಲಲಿತಾಗ,

ಪಾದದಾಗ ಇರುವಿ ಹರದಂಗ ಆಗತೈತಿ. ಮುಂಜಾನಿಂದ ಸಂಜೀತನಕ. ಒಂದೊಂದ ಸಲ ಸೂಜಿ ಚುಚ್ಚಿದಂಗ. ನರ ಎಚ್ಚರ ಆಗಾಕ ಹತ್ಯಾವ, ಒಳ್ಳೇದು ಅಂತ ಡಾಕ್ಟರು ಬರದು ಕೊಟ್ರು. ಒಳ್ಳೇದು ಇಷ್ಟು ನೋವು ಕೊಡತೈತಿ ಅಂತ ಗೊತ್ತಿದ್ದಿಲ್ಲ. ನಿನ್ನೆ ಬಚ್ಚಲ ಕಲ್ಲು ತಣ್ಣಗ ಐತಿ ಅಂತ ಬಲಗಾಲಿಗೆ ತಿಳೀತು. ಎಡಗಾಲಿಗೆ ಇನ್ನಾ ಇಲ್ಲ.

ಸಾರಿಗೆ ಉಪ್ಪು ಜಾಸ್ತಿ ಆಗೈತಿ ಅಂದೆ. ನಿಮ್ಮಪ್ಪ ತಾಟು ಬಿಟ್ಟು ಎದ್ದು ಹೊರಗ ಹ್ವಾದ. ಸಿಟ್ಟು ಬಂತೇನೋ ಅಂತ ನಾನೂ ಎದ್ದು ಹ್ವಾದೆ. ಕಟ್ಟಿ ಮ್ಯಾಲೆ ಕುಂತು ಮಾರಿ ಒರಸ್ಕೊಳ್ತಿದ್ದ.

ಕಿವಿ ಹಂಗ ಐತಿ.

ನೀನು ಕೇಳಂಗಿಲ್ಲ ಅಂತ ಗೊತ್ತು, ನಾನ ಹೇಳ್ತೀನಿ. ಹಂಪೇಶನ ಫೋಟೊ ಮುಂದ ದಿನಾ ನಿಂದರ್ತೀನಿ. ಏನೂ ಬರವಲ್ದು. ಹೂ ಏರಿಸಿ ಬರ್ತೀನಿ.

ಅವ್ವ


ಕಂಪ್ಲಿ
೬ ಜುಲೈ ೨೦೨೫

ಲಲಿತಾಗ,

ಹ್ವಾದ ವಾರ ಉಪ್ಪಿನಕಾಯಿ ಹಾಕೋಣಂತ ಮಾವಿನಕಾಯಿ ಹೆಚ್ಚಿಟ್ಟಿದ್ದೆ. ಅಟ್ಟದ ಮ್ಯಾಲಿನ ದೊಡ್ಡ ಭರಣಿ ಇಳಿಸಿಕೊಡು ಅಂತ ನಿಮ್ಮಪ್ಪಗ ಹೇಳಿದೆ. ಭರಣಿ ಹಿಂದ ಒಂದು ಹೆಲ್ಮೆಟ್ಟು ಇತ್ತು, ಅದೂ ಕೆಳಗ ಬಿತ್ತು. ಹೊಸಾದು. ಪ್ಲಾಸ್ಟಿಕ್ ಕವರು ಸೈತ ಹರದಿಲ್ಲ. ಬೈಕು ತಂದಾಗ ನಿಮ್ಮಪ್ಪ ಹಂಪೇಶಗ ಕೊಡಿಸಿದ್ದು. ದಿನಾ ಹಾಕ್ಕೊಂಡು ಹೋಗ್ತೀನಿ ಅಂತ ಅಂದಿದ್ದ. ಅಟ್ಟದ ಮ್ಯಾಲೆ ಒಗದಿದ್ದ.

ನನಗ ಸಿಟ್ಟು ಬಂತು ನೋಡು. ಕಾಲಿನಿಂದ ನೆತ್ತಿಗೆ ಬಂತು. ಫೋಟೊ ಮುಂದ ಹೋಗಿ ನಿಂತು ಬೈದೆ. "ಏನ್ ಅವಸರ ಇತ್ತಲೇ ನಿನಗ? ನಿಮ್ಮಕ್ಕನ ಮನಿ ಎಲ್ಲಿ ಓಡಿ ಹೋಗ್ತಿತ್ತು? ಲಾರಿ ಹಿಂದ ಹೋಗಲೇ, ಧೂಳು ಕುಡದ್ರ ಕುಡೀತೀನಿ ಅಂತ ಹಿಂದ ಕುಂತು ಬಡಕೊಂಡೆ. ಕೇಳಿದೇನು? ಕಿವುಡ ನೀನೋ ನಾನೋ?" ಅಂದೆ. ಇನ್ನಾ ಏನೇನೋ ಅಂದೆ, ಬರಿಯೋ ಮಾತಲ್ಲ. ನನಗ ನನ್ನ ದನಿ ಕೇಳಂಗಿಲ್ಲ, ಎಷ್ಟು ದೊಡ್ಡದಿತ್ತೋ ಗೊತ್ತಾಗಲಿಲ್ಲ. ತಿರುಗಿ ನೋಡಿದ್ರ ಬಾಗಲಾಗ ಓಣಿ ಮಂದಿ ನಿಂತಾರ. ಹಂಪಮ್ಮ ನೀರಿನ ಕೊಡ ಹೊತ್ತುಕೊಂಡ ನಿಂತಾಳ. ನಿಮ್ಮಪ್ಪ ಬಾಗಲಕ್ಕ ಎರಡೂ ಕೈ ಕೊಟ್ಟು ಅವರನ್ನ ಒಳಗ ಬಿಟ್ಟಿಲ್ಲ. ನನ್ನೂ ತಡೀಲಿಲ್ಲ.

ಅತ್ತೆನೋ ಇಲ್ಲೋ ನನಗ ಪಕ್ಕಾ ಇಲ್ಲ. ಕುಂತಾಗ ನೋಡಿದ್ರ ಸೆರಗು ಪೂರಾ ತೊಯ್ದಿತ್ತು. ಆಮ್ಯಾಲೆ ಹಸಿವಾತು. ರೊಟ್ಟಿ ತಿಂದು ಮಲಗಿದೆ. ಮಾವಿನಕಾಯಿ ಹಂಗ ಉಳದು ಕೆಟ್ಟವು.

ಅವತ್ತಿನಿಂದ ಒಂದು ಮಾತು ತಲ್ಯಾಗ ಬರಾಕ ಹತ್ತೈತಿ. ಹಂಪೇಶ ಹ್ವಾದದ್ದು ನಿನಗ ಯಾರು ಹೇಳಿದ್ರು? ಆವತ್ತು ನೀನು ಎಲ್ಲಿದ್ದಿ, ಏನು ಮಾಡಾಕ ಹತ್ತಿದ್ದಿ? ನಾವು ನಿಮ್ಮ ಮನಿಗೆ ಊಟಕ್ಕ ಹೊಂಟಿದ್ವಿ ಅನ್ನೋದು ಗೊತ್ತೈತಿ. ಅದರ ಮುಂದಿಂದು ಗೊತ್ತಿಲ್ಲ. ಬರಿ ನನಗ. ಪೂರಾ ಬರಿ.

ಅವ್ವ


ಸಂಡೂರು
೧೩ ಜುಲೈ ೨೦೨೫

ಅವ್ವಾ,

ಇದನ್ನ ನನಗ ಯಾರೂ ಕೇಳಿಲ್ಲ. ಬಸವರಾಜ್ ಅವರೂ ಕೇಳಿಲ್ಲ. ಎಲ್ಲಿಂದ ಹಿಡೀಬೇಕು ತಿಳೀವಲ್ದು.

ನೀವಿಬ್ರೂ ಬರ್ತೀರಂತ ಮುಂಜಾನೆದ್ದು ಹೋಳಿಗಿ ಮಾಡಿಟ್ಟಿದ್ದೆ. ಅರ್ಧ ದಿನ ರಜಾ ಕೇಳಿದ್ದೆ. ಒಂದು ಲಾರಿ ತೂಗಿ ಕೊಟ್ಟು ಹೊರಡೋದಿತ್ತು. ಅದಿರಿನ ಲಾರಿ ತೂಕದ ಕಟ್ಟಿ ಮ್ಯಾಲೆ ಹತ್ತಿ ನಿಂತಾಗ ಫೋನ್ ಬಂತು. ಹೊನ್ನೂರಪ್ಪ ಮಾವ. "ಹಂಪೇಶ ಉಳೀಲಿಲ್ಲವ್ವಾ. ನಿಮ್ಮವ್ವನ್ನ ಆಪರೇಷನ್ನಿಗೆ ಒಳಗ ಒಯ್ದಾರ" ಅಂದ. ನಾನು ಆತು ಮಾವ ಅಂದು ಫೋನ್ ಇಟ್ಟೆ. ಚೀಟಿ ಬರದು ಕಿಟಕಿಯಿಂದ ಡ್ರೈವರಿಗೆ ಕೊಟ್ಟೆ. ಆತ ನೋಡಿ, "ಇದೇನಮ್ಮಾ ಬರದೀರಿ?" ಅಂದ. ಲಾರಿ ನಂಬರ್ ಬರಿಯೋ ಜಾಗದಾಗ ಹಂಪೇಶನ ಹೆಸರು ಬರದಿದ್ದೆ.

"ನನ್ನ ತಮ್ಮ" ಅಂದೆ. "ಈಗ ಹೋದನಂತ" ಅಂದೆ.

ವಯಸ್ಸಾದ ಮನುಷ್ಯ, ಆಂಧ್ರದ ಕಡ್ಯಾಂವ ಇರಬೇಕು. ಲಾರಿ ಬಂದ್ ಮಾಡಿ ಕೆಳಗ ಇಳಿದು ಬಂದ. ತೂಕದ ಮನಿ ಮೆಟ್ಟಲ ಮ್ಯಾಲೆ ಕುಂತ. ನಾನೂ ಬಾಜೂಕ ಕುಂತೆ. ಹಿಂದ ಲಾರಿ ಸಾಲುಗಟ್ಟಿ ಹಾರ್ನ್ ಹೊಡಿಯಾಕ ಹತ್ತಿದ್ವು, ಸೂಪರ್‌ವೈಸರ್ ಬಂದು ಬೈದ. ಆತ ಏಳಲಿಲ್ಲ. ಬಸವರಾಜ್ ಬಂದು ನನ್ನ ಕರಕೊಂಡು ಹೋಗೋತನಕ ಕುಂತ ಇದ್ದ.

ಆಸ್ಪತ್ರ್ಯಾಗ ನಿನ್ನನ್ನ ಒಂದು ಕಡಿ ಒಯ್ದಿದ್ರು, ಅವನನ್ನ ಇನ್ನೊಂದು ಕಡಿ ಇಟ್ಟಿದ್ರು. ಎರಡೂ ಬಾಗಲು ಒಂದ ಪಡಸಾಲ್ಯಾಗ, ಈ ತುದಿಗೊಂದು ಆ ತುದಿಗೊಂದು. ಅಪ್ಪ ಅವನ ಹತ್ರ ಬಿದ್ದಿದ್ದ. ಮಂದಿ ಎಲ್ಲಾ ಆ ಕಡಿ ಹ್ವಾದ್ರು. ನನಗ ಯಾವ ಬಾಗಲಿಗೆ ನಿಲ್ಲಬೇಕು ಗೊತ್ತಾಗಲಿಲ್ಲ. ನಡುವ ನಿಂತಿದ್ದೆ. ಆಮ್ಯಾಲೆ ನಿನ್ನ ಬಾಗಲಿಗೆ ಬಂದು ನಿಂತೆ. "ತಮ್ಮನ ಮಾರಿ ನೋಡಂಗಿಲ್ಲೇನು?" ಅಂತ ಹೊನ್ನೂರಪ್ಪ ಮಾವ ಎರಡು ಸಲ ಬಂದು ಕರದ. ಹೋಗಲಿಲ್ಲ. ಸಂಜಿ ಮುಂದ ಡಾಕ್ಟರು ಹೊರಗ ಬಂದು, "ಉಳ್ಕೊಂಡ್ರು ನಿಮ್ಮ ತಾಯಿ" ಅಂದ್ರು.

ಅವ್ವಾ, ನನಗ ಖುಷಿ ಆತು. ಆ ಕಡಿ ಅಪ್ಪ ಅಳೋದು ಕೇಳ್ತಿತ್ತು, ಹಂಪೇಶ ಅಲ್ಲೇ ಇದ್ದ, ಮತ್ತ ನನಗ ಖುಷಿ ಆತು. ಗ್ವಾಡಿಗೆ ಮಾರಿ ಮಾಡಿ ನಿಂತಕೊಂಡೆ, ಯಾರೂ ನೋಡಬಾರದಂತ.

ನಿನ್ನ ಲಲಿತಾ